ತೋಟ, ಹೋಂಸ್ಟೇ, ಅಂಗಡಿ: ಆಳು ಇಟ್ಟುಕೊಂಡವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗಿನಲ್ಲಿ ಹತ್ತು ಜನ ಒಟ್ಟಿಗೆ ದುಡಿಯುವ ಜಾಗ ಎಂದರೆ ಹೆಚ್ಚಾಗಿ ಕಾಫಿ ತೋಟ. ಅದು ಬಿಟ್ಟರೆ ಹೋಂಸ್ಟೇ, ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್, ಪೇಟೆಯ ಅಂಗಡಿ. ಇಲ್ಲಿ ಆಡಳಿತ ಎಂದರೆ ಕಚೇರಿಯ ವಿಷಯವಲ್ಲ. ಕಣದಲ್ಲಿ, ತಕ್ಕಡಿ ಮುಂದೆ, ಲೈನ್ ಮನೆಯ (ಕೆಲಸಗಾರರ ಸಾಲುಮನೆ) ಬಾಗಿಲಲ್ಲಿ ನಡೆಯುವಂಥದ್ದು. ಮಾಲೀಕರು, ರೈಟರ್‌ಗಳು (ತೋಟದ ಹಾಜರಿ, ಲೆಕ್ಕ ನೋಡುವವರು), ಕೆಲವೊಮ್ಮೆ ಕೆಲಸಗಾರರೇ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟು ಉತ್ತರಿಸಿದ್ದೇವೆ.

## ಮೊದಲ ಹೆಜ್ಜೆ

"ನಾವು ಕೆಲಸದವರನ್ನ ಮನೆಯವರ ಥರಾನೇ ನೋಡ್ಕೋತೀವಿ. ಇನ್ನೇನು ಬೇಕು?"

ಪುತ್ತರಿ ಹಬ್ಬಕ್ಕೆ ಬಟ್ಟೆ, ಮಗಳ ಮದುವೆಗೆ ಕೈಯೆತ್ತಿ ಕೊಟ್ಟ ದುಡ್ಡು, ಜ್ವರ ಬಂದರೆ ಜೀಪಿನಲ್ಲಿ ಮಡಿಕೇರಿ ಆಸ್ಪತ್ರೆ: ಇವೆಲ್ಲ ಒಳ್ಳೆಯವೇ. ಆದರೆ ಇವು ಮಾಲೀಕರ ಮನಸ್ಸಿಗೆ ಬಿಟ್ಟ ವಿಷಯ. ಈ ವರ್ಷ ಸಿಕ್ಕಿದ್ದು ಮುಂದಿನ ವರ್ಷ ಸಿಗದಿದ್ದರೆ ಕೆಲಸಗಾರ ಕೇಳುವ ಹಾಗಿಲ್ಲ. ಕೂಲಿ, ತೂಕ, ರಜೆ, ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಯ ವರ್ಷ ನೋಡಿ ಕೊಡುವ ಹಣ) ಹಾಗಲ್ಲ, ಅವು ಲೆಕ್ಕ. ಲೆಕ್ಕ ಸರಿಯಿಲ್ಲದ ಕಡೆ ಕೊಟ್ಟ ಸೀರೆ, ಕೆಲಸಗಾರ್ತಿಯ ಬಾಯಿ ಕಟ್ಟುವ ಸೀರೆಯಾಗುತ್ತದೆ. ಮೊದಲು ಲೆಕ್ಕ ನೇರ ಮಾಡಿ, ಪ್ರೀತಿ ಅದರ ಮೇಲಿರಲಿ. ಮನೆಯವರಂತೆ ಎನ್ನುವ ಮಾತಿಗೆ ಇನ್ನೊಂದು ತೊಡಕೂ ಇದೆ: ಮನೆಯವರಿಗೆ ಆಸ್ತಿಯಲ್ಲಿ ಪಾಲುಂಟು, ಕೆಲಸದವರಿಗೆ ಇಲ್ಲ. ಪಾಲಿಲ್ಲದವರಿಗೆ ಬೇಕಾದದ್ದು ಹಕ್ಕು.

"ನಮ್ದು ಆರೆಕರೆ ತೋಟ, ನಾಲ್ಕು ಜನ ಆಳು. ಈ ಕಾನೂನೆಲ್ಲ ದೊಡ್ಡ ಎಸ್ಟೇಟ್‌ಗಳಿಗೆ ಅಲ್ವಾ?"

ಕೆಲವು ಹೌದು. 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲಿದ್ದ ಮನೆ, ಕ್ಯಾಂಟೀನ್, ಶಿಶುವಿಹಾರದ ನಿಯಮಗಳು 5 ಹೆಕ್ಟೇರ್, ಅಂದರೆ ಸುಮಾರು ಹನ್ನೆರಡೂವರೆ ಎಕರೆ ಮತ್ತು ಅದಕ್ಕೂ ದೊಡ್ಡ ತೋಟಗಳನ್ನು ಉದ್ದೇಶಿಸಿದವು. ಆ ಕಾಯ್ದೆ ಈಗ ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿದೆ. ಆದರೆ ಕನಿಷ್ಠ ಕೂಲಿ, ಗಂಡು ಹೆಣ್ಣಿಗೆ ಸಮಾನ ಕೂಲಿ, ಜೀತ ನಿಷೇಧ, ಬಾಲಕಾರ್ಮಿಕ ನಿಷೇಧ ಇವುಗಳಿಗೆ ಎಕರೆಯ ಲೆಕ್ಕವಿಲ್ಲ. ಒಬ್ಬನೇ ಆಳಿದ್ದರೂ ಅನ್ವಯಿಸುತ್ತವೆ.

"ಒಂದೇ ಒಂದು ವಿಷಯ ಸರಿ ಮಾಡೋದಾದ್ರೆ ಎಲ್ಲಿಂದ ಶುರು ಮಾಡ್ಲಿ?"

ಬಟವಾಡೆಯಿಂದ. ದಿನ ನಿಗದಿ ಮಾಡಿ, ಆ ದಿನ ತಪ್ಪಿಸಬೇಡಿ. ಸಂತೆಯ ದಿನವೇ ಬಟವಾಡೆ ಮಾಡುವ ತೋಟಗಳಲ್ಲಿ ಬೆಳಿಗ್ಗೆ ಹತ್ತರೊಳಗೆ ದುಡ್ಡು ಕೈಸೇರಬೇಕು. ಮಧ್ಯಾಹ್ನ ಮೂರಕ್ಕೆ ಕೊಟ್ಟರೆ ಹೆಂಗಸರು ಸಂತೆ ಮುಗಿಯುವ ಹೊತ್ತಿಗೆ ಹೋಗಿ ಉಳಿದ ಸಾಮಾನು ತರಬೇಕಾಗುತ್ತದೆ. ವಾರದ ಕೂಲಿಯಾದರೆ ವಾರದ ರಜೆಗೆ ಮುಂಚಿನ ಕೊನೆಯ ಕೆಲಸದ ದಿನ, ತಿಂಗಳ ಸಂಬಳವಾದರೆ ಮುಂದಿನ ತಿಂಗಳ 7ರೊಳಗೆ, ಕೆಲಸ ಬಿಟ್ಟು ಹೋಗುವವರಿಗೆ ಎರಡು ಕೆಲಸದ ದಿನದೊಳಗೆ ಕೊಡಬೇಕೆಂದು ವೇತನ ಸಂಹಿತೆ ಹೇಳುತ್ತದೆ.

ಜೊತೆಗೆ ಒಂದು ಚೀಟಿ ಕೊಡಿ. ಅದರಲ್ಲಿ ಐದು ಸಾಲು ಸಾಕು: ಕೆಲಸ ಮಾಡಿದ ದಿನ, ದಿನಕ್ಕೆ ಅಥವಾ ಕೆ.ಜಿ.ಗೆ ದರ, ಒಟ್ಟು, ಮುರಿದುಕೊಂಡದ್ದು ಯಾಕೆ ಎಷ್ಟು, ಕೈಗೆ ಬಂದದ್ದು. ಓದಲು ಬಾರದವರಿಗೆ ರೈಟರ್ ಎಲ್ಲರೆದುರು ಓದಿ ಹೇಳಬೇಕು. ಸಣ್ಣ ಕೆಲಸ ಅನ್ನಿಸಬಹುದು. ತೋಟದ ಅರ್ಧ ಜಗಳ ಈ ಚೀಟಿ ಇಲ್ಲದ್ದರಿಂದಲೇ ಹುಟ್ಟುತ್ತದೆ.

"ಸಾಹುಕಾರ್ರ ಹತ್ರ ಲೆಕ್ಕ ಕೇಳಿದ್ರೆ ಮುಖ ದಪ್ಪ ಮಾಡ್ತಾರೆ. ಕೇಳೋದು ತಪ್ಪಾ?"

ತಪ್ಪಲ್ಲ. ನಿಮ್ಮದೇ ಒಂದು ಪುಸ್ತಕದಲ್ಲಿ ಹಾಜರಿ, ತೂಕ, ತೆಗೆದುಕೊಂಡ ಮುಂಗಡ ದಿನಾ ಬರೆದಿಡಿ, ಅಥವಾ ಮಕ್ಕಳಿಂದ ಬರೆಸಿ. ಬಾಯಿ ಮಾತಿನಲ್ಲಿ ಕೇಳಿದರೆ ಸಾಹುಕಾರ್ರಿಗೆ ಆರೋಪದಂತೆ ಕೇಳಿಸುತ್ತದೆ. ಎರಡು ಪುಸ್ತಕ ಎದುರಿಟ್ಟು ಕೂತರೆ ಅದು ತಾಳೆ ನೋಡುವ ಕೆಲಸ ಅಷ್ಟೆ.

## ತೂಕ, ಕೂಲಿ, ಮುಂಗಡ

"ಕೊಯ್ಲು ಟೈಮಲ್ಲಿ ತೂಕದ ಮೇಲೆ ದಿನಾ ತಕರಾರು. ಹೇಗೆ ನಿಲ್ಲಿಸೋದು?"

ತೂಕ ಕಾಣುವಂತೆ ಮಾಡಿ, ತಕರಾರು ತಾನಾಗಿ ಕಮ್ಮಿಯಾಗುತ್ತದೆ. ಸಾಮಾನ್ಯವಾಗಿ ಮೂರು ಕಡೆ ತಪ್ಪಾಗುತ್ತದೆ. ಮೊದಲನೆಯದು ಚೀಲದ ತೂಕ. ರೈಟರ್ ಕಣ್ಣಂದಾಜಿನಲ್ಲಿ ಎರಡು ಕೆ.ಜಿ. ಕಳೆಯುತ್ತಾನೆ, ಒಣಗಿದ ಗೋಣಿ ಅಷ್ಟು ತೂಗುವುದೇ ಇಲ್ಲ. ಬೆಳಿಗ್ಗೆ ಖಾಲಿ ಚೀಲ ತೂಗಿ ಬೋರ್ಡಿನಲ್ಲಿ ಬರೆದುಬಿಡಿ. ಮಂಜಿಗೆ ನೆನೆದ ದಿನ ಮತ್ತೊಮ್ಮೆ ತೂಗಿ. ಎರಡನೆಯದು 'ರೌಂಡ್' ಮಾಡುವುದು. 43.6 ಇದ್ದದ್ದು 43 ಆಗುತ್ತದೆ. ದಿನಕ್ಕೆ ಎರಡು ಸಲ ತೂಕವಾದರೆ, ಅರವತ್ತು ದಿನದ ಕೊಯ್ಲಿನಲ್ಲಿ ಪ್ರತಿಸಲ ಅರ್ಧ ಕೆ.ಜಿ. ಹೋದರೂ ಒಬ್ಬಳಿಗೆ 60 ಕೆ.ಜಿ. ನಷ್ಟ. ಮೂರನೆಯದು ಕಾಟಾ ಇಟ್ಟ ಜಾಗ. ಇಳಿಜಾರಿನಲ್ಲಿ, ಮಣ್ಣಿನ ಮೇಲೆ ಇಟ್ಟ ಎಲೆಕ್ಟ್ರಾನಿಕ್ ಕಾಟಾ ಸರಿ ತೋರಿಸುವುದಿಲ್ಲ. ಸಮತಟ್ಟಾದ ಹಲಗೆ ಬೇಕು, ಅಂಕಿ ತೋರಿಸುವ ಮುಖ ಕೊಯ್ಯುವವರ ಕಡೆಗಿರಬೇಕು, ರೈಟರ್ ಕಡೆಗಲ್ಲ.

ಗುರುತು ಹಾಕಿದ 20 ಕೆ.ಜಿ. ಬಟ್ಟೊಂದನ್ನು ಕಣದಲ್ಲೇ ಇಡಿ. ಸಂಶಯ ಬಂದವರು ಯಾವಾಗ ಬೇಕಾದರೂ ಕಾಟಾದ ಮೇಲಿಟ್ಟು ನೋಡಲಿ. ಕಾಟಾಕ್ಕೆ ವರ್ಷಕ್ಕೊಮ್ಮೆ ಕಾನೂನು ಮಾಪನ ಇಲಾಖೆಯ ಮುದ್ರೆ ಆಗಬೇಕು. ಮಾರುವ ಕಾಫಿಗೆ ಮಾತ್ರ ಅದು ಬೇಕು ಎಂದುಕೊಂಡವರೇ ಹೆಚ್ಚು. 2009ರ ಕಾನೂನು ಮಾಪನ ಕಾಯ್ದೆಯಲ್ಲಿ 'ವ್ಯವಹಾರ' ಎಂಬ ಪದಕ್ಕೆ ಕೊಟ್ಟ ಅರ್ಥದೊಳಗೆ ಕೂಲಿ ಲೆಕ್ಕ ಹಾಕುವುದೂ ಸೇರಿದೆ.

"ಕೆ.ಜಿ. ಲೆಕ್ಕದಲ್ಲಿ ಕೊಡ್ತೀವಿ. ಕಮ್ಮಿ ಕೊಯ್ದ್ರೆ ಕಮ್ಮಿ ಕೂಲಿ, ಅದು ನ್ಯಾಯ ತಾನೇ?"

ಗಿಡದಲ್ಲಿ ಹಣ್ಣಿದ್ದರೆ ನ್ಯಾಯ. ಕೆ.ಜಿ.ಗೆ 5 ರೂಪಾಯಿ ಎಂದು ಇಟ್ಟುಕೊಳ್ಳಿ. ರೋಬಸ್ಟಾ ಮುಖ್ಯ ಕೊಯ್ಲಿನಲ್ಲಿ 120 ಕೆ.ಜಿ. ಕೊಯ್ದವಳಿಗೆ 600 ರೂಪಾಯಿ. ಅದೇ ಕೈ, ಅದೇ ಎಂಟು ಗಂಟೆ, ಅರೇಬಿಕಾದ ಮೊದಲ ಸುತ್ತಿನಲ್ಲಿ ಅಲ್ಲೊಂದು ಇಲ್ಲೊಂದು ಕೆಂಪು ಹಣ್ಣು ಆರಿಸಿದರೆ 40 ಕೆ.ಜಿ. ಆದೀತು, 200 ರೂಪಾಯಿ. ಅವಳು ಸೋಮಾರಿಯಾದಳೇ? ಹಣ್ಣಾದದ್ದನ್ನೇ ಆರಿಸು ಎಂದದ್ದು ನೀವು. ಆದ್ದರಿಂದ ಮೊದಲ ಸುತ್ತು, ಕೊನೆಯ ಸುತ್ತು ಮತ್ತು ನೆಲ ಹೆಕ್ಕುವ ಕೆಲಸಕ್ಕೆ ದಿನಗೂಲಿಯೇ ಸರಿ. ಕೆ.ಜಿ. ದರ ಇಟ್ಟುಕೊಂಡರೂ ದಿನದ ಕೊನೆಗೆ ಸರ್ಕಾರ ನಿಗದಿ ಮಾಡಿದ ಕನಿಷ್ಠ ಕೂಲಿಗಿಂತ ಕೆಳಗೆ ಇಳಿಯುವಂತಿಲ್ಲ. ತುಟ್ಟಿಭತ್ಯೆ ಸೇರಿ ಆ ಮೊತ್ತ ಏಪ್ರಿಲ್ 1ಕ್ಕೆ ಬದಲಾಗುತ್ತದೆ. ಹೊಸದನ್ನು ಬೋರ್ಡಿಗೆ ಅಂಟಿಸುವುದನ್ನು ಮರೆಯಬೇಡಿ.

"ಮುಂಗಡ ಕೊಡದಿದ್ರೆ ಆಳು ಸಿಗಲ್ಲ. ಕೊಟ್ರೆ ಜೀತ ಅಂತಾರೆ. ಏನ್ ಮಾಡೋದು?"

ಮುಂಗಡ ತಾನಾಗಿ ಜೀತವಲ್ಲ. ಆ ಸಾಲದ ಕಾರಣಕ್ಕೆ ಮನುಷ್ಯ ಬೇರೆ ಕಡೆ ಕೆಲಸಕ್ಕೆ ಹೋಗದಂತೆ, ಊರಿಗೆ ಹೋಗಿ ಬರದಂತೆ, ನಡೆಯುವ ಕೂಲಿಗಿಂತ ಕಮ್ಮಿಗೆ ದುಡಿಯುವಂತೆ ಆದರೆ 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಪ್ರಕಾರ ಅದು ಜೀತ. ಕನಿಷ್ಠ ಕೂಲಿಗಿಂತ ಕಮ್ಮಿ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ 1982ರಲ್ಲಿ ಹೇಳಿದೆ. ಯರವ, ಪಣಿಯ, ಜೇನುಕುರುಬ ಕುಟುಂಬಗಳು ತಲೆಮಾರು ತಲೆಮಾರು ಒಂದೇ ತೋಟದ ಸಾಲದಲ್ಲಿ ಉಳಿದ ನೆಲ ಇದು. ಇಲ್ಲಿ ಈ ಎಚ್ಚರ ಎಷ್ಟಿದ್ದರೂ ಹೆಚ್ಚಲ್ಲ.

ಕೊಡುವುದಾದರೆ ಹೀಗೆ ಕೊಡಿ. ಒಂದು ತಿಂಗಳ ಕೂಲಿಗಿಂತ ಹೆಚ್ಚಿಲ್ಲ. ಬಡ್ಡಿಯಿಲ್ಲ. ಯಾರು ತೆಗೆದುಕೊಂಡರೋ ಅವರ ಹೆಸರಿಗೆ ಮಾತ್ರ. ಗಂಡ ತೆಗೆದದ್ದನ್ನು ಹೆಂಡತಿಯ ಕೂಲಿಯಿಂದ, ಅಪ್ಪ ತೆಗೆದದ್ದನ್ನು ಮಗನಿಂದ ಮುರಿಯುವಂತಿಲ್ಲ. ವಾರಕ್ಕೆ ಎಷ್ಟು ಮುರಿಯುತ್ತೀರಿ ಎಂದು ಕೊಡುವ ದಿನವೇ ಬರೆಯಿರಿ. ಎಲ್ಲ ಕಡಿತ ಸೇರಿ ಕೂಲಿಯ ಅರ್ಧ ದಾಟಬಾರದೆಂಬುದು ಕಾನೂನಿನ ಮಿತಿ. ನಮ್ಮ ಪ್ರಕಾರ ಐದನೇ ಒಂದು ಪಾಲಿಗೆ ನಿಲ್ಲಿಸುವುದೇ ಲೇಸು, ಅರ್ಧ ಕೂಲಿಯಲ್ಲಿ ವಾರ ಕಳೆಯಲಾರದೆ ಅದೇ ಮನುಷ್ಯ ಮತ್ತೆ ಸಾಲಕ್ಕೆ ಬರುತ್ತಾನೆ. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ ಯಾವುದನ್ನೂ ಅಡವಾಗಿ ಇಟ್ಟುಕೊಳ್ಳಬೇಡಿ. ತೀರಿಸದೆ ಹೊರಟು ಹೋದರೆ? ಹೋಗಲು ಬಿಡಿ. ಅದು ಸಾಮಾನ್ಯ ಸಾಲ, ಕೆಲಸಕ್ಕೂ ಅದಕ್ಕೂ ಸಂಬಂಧವಿಲ್ಲ. ಮುಂಗಡದಲ್ಲಿ ಒಂದಿಷ್ಟು ಮುಳುಗುತ್ತದೆಂದು ವರ್ಷದ ಖರ್ಚಿನಲ್ಲೇ ಬರೆದುಕೊಳ್ಳಿ.

"ಗಂಡಾಳಿಗೆ ಜಾಸ್ತಿ, ಹೆಣ್ಣಾಳಿಗೆ ಕಮ್ಮಿ. ನಮ್ಮ ಕಡೆ ಮೊದಲಿಂದ ಹೀಗೇ ಅಲ್ವಾ?"

ಮೊದಲಿಂದ ಇತ್ತು, 1976ರಿಂದ ಕಾನೂನುಬಾಹಿರ. ಮರಗಸಿಗೆ (ನೆರಳಿನ ಮರದ ಕೊಂಬೆ ಕಡಿಯುವುದು), ಗುಂಡಿ ತೆಗೆಯುವುದಕ್ಕೆ ಬೇರೆ ದರ ಇಡಬಹುದು. ಆ ದರ ಕೆಲಸಕ್ಕೆ ಇರಬೇಕು, ಮಾಡುವವರು ಗಂಡೋ ಹೆಣ್ಣೋ ಎಂಬುದಕ್ಕಲ್ಲ.

"ಅಸ್ಸಾಂ ಕಡೆಯವರು ಮೇಸ್ತ್ರಿ ಮೂಲಕ ಬರ್ತಾರೆ. ದುಡ್ಡು ಮೇಸ್ತ್ರಿಗೆ ಕೊಟ್ಟರೆ ನಮ್ಮ ಜವಾಬ್ದಾರಿ ಮುಗೀತಲ್ವಾ?"

ಮುಗಿಯಲಿಲ್ಲ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕರೇ ಕೊಡಬೇಕು. ಮೇಸ್ತ್ರಿಯ ಕಮಿಷನ್ ಬೇರೆ, ಕೂಲಿ ಬೇರೆ. ಕಮಿಷನ್ ನೀವೇ ಕೊಡಿ, ಕೂಲಿಯಿಂದ ಮುರಿಯಲು ಬಿಡಬೇಡಿ. ಕೂಲಿ ನೇರವಾಗಿ ಪ್ರತಿಯೊಬ್ಬರ ಖಾತೆಗೆ ಹೋಗಲಿ. ಬಂದ ಮೊದಲ ದಿನ ದರ, ಕೆಲಸದ ಹೊತ್ತು, ರಜೆ, ಅಪಾಯದ ಜಾಗಗಳನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ಹೇಳಿಸಿ. ಹೇಳುವವನು ಮೇಸ್ತ್ರಿಯೇ ಆಗಿದ್ದರೆ ಏನು ಹೇಳಿದ ಎಂದು ನಿಮಗೆ ಗೊತ್ತಾಗುವುದಿಲ್ಲ, ಹಾಗಾಗಿ ಅವರಲ್ಲೇ ಕನ್ನಡ ಅಥವಾ ಹಿಂದಿ ಬಲ್ಲ ಇನ್ನೊಬ್ಬರನ್ನು ಕೂರಿಸಿ. 'ಒಂದು ದೇಶ ಒಂದು ಪಡಿತರ' ವ್ಯವಸ್ಥೆಯಲ್ಲಿ ಊರಿನ ಕಾರ್ಡಿನ ಮೇಲೆ ಇಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಸಿಗುತ್ತದೆ. ಹೆಚ್ಚಿನವರಿಗೆ ಅದನ್ನು ಯಾರೂ ಹೇಳಿರುವುದಿಲ್ಲ.

## ಮನೆ, ಮಳೆ, ಆನೆ, ಏಣಿ

"ಲೈನ್ ಮನೆ ಕೊಟ್ಟಿದ್ದೀವಿ, ಬಾಡಿಗೆ ಇಲ್ಲ. ಅದಕ್ಕೂ ದೂರು ಅಂದ್ರೆ?"

ಮನೆಯೊಳಗೆ ಹೋಗಿ ನೋಡಿದ್ದೀರಾ ಎಂಬುದು ಮೊದಲ ಪ್ರಶ್ನೆ. ಮೇ ಮುಗಿಯುವುದರೊಳಗೆ ಛಾವಣಿ, ಮಳೆನೀರಿನ ಚರಂಡಿ, ವಿದ್ಯುತ್ ತಂತಿ ನೋಡಬೇಕು. ಜೂನ್ ಬಂದ ಮೇಲೆ ಹಂಚು ಹೊದಿಸಲಾಗದು. ಪ್ರತಿ ಮನೆಗೆ ಶೌಚಾಲಯ ಬೇಕು. ಅದು ಬರೀ ಮರ್ಯಾದೆಯ ಮಾತಲ್ಲ: ನಸುಕಿನಲ್ಲಿ ತೋಟದೊಳಗೆ ಹೋದ ಹೆಂಗಸರ ಮೇಲೆ ಆನೆ ಬೀಳುತ್ತದೆ.

2018ರ ಆಗಸ್ಟ್‌ನ ಭೂಕುಸಿತದ ನಂತರ ಕೊಡಗಿನಲ್ಲಿ ಯಾರೂ ಜಾಗದ ವಿಷಯ ಹಗುರ ಮಾಡಬಾರದು. ಗುಡ್ಡ ಕಡಿದು ಮಾಡಿದ ತಟ್ಟಿನ ಬುಡದಲ್ಲಿ, ಹಳೆಯ ತೋಡಿನ ದಾರಿಯಲ್ಲಿ ಇರುವ ಲೈನ್ ಬದಲಿಸಿ. ಮೇಲ್ಭಾಗದಲ್ಲಿ ಬಿರುಕು, ವಾಲಿದ ಮರ, ಇದ್ದಕ್ಕಿದ್ದಂತೆ ಕೆಂಪಾದ ಒರತೆ ನೀರು ಕಂಡ ದಿನವೇ ಜನರನ್ನು ಎಬ್ಬಿಸಬೇಕು. ಎಲ್ಲಿಗೆ ಕಳಿಸುವುದು, ಯಾರ ಗಾಡಿ ಎಂಬುದು ಜೂನ್ ಮೊದಲೇ ತೀರ್ಮಾನವಾಗಿರಲಿ.

ಇನ್ನೊಂದು ವಿಷಯ ಮಾಲೀಕರು ಮಾತಾಡಲು ಹಿಂಜರಿಯುತ್ತಾರೆ. ವಾಸದ ಪುರಾವೆ ಬರೆದುಕೊಟ್ಟರೆ ಜಾಗ ಕೈಬಿಟ್ಟು ಹೋದೀತೆಂಬ ಭಯ. ಆ ಭಯಕ್ಕೆ ಒಂದು ಕುಟುಂಬ ರೇಷನ್ ಕಾರ್ಡ್, ಮತದಾನ, ಮಕ್ಕಳ ಜಾತಿ ಪ್ರಮಾಣಪತ್ರ ಎಲ್ಲವನ್ನೂ ಕಳೆದುಕೊಳ್ಳುತ್ತದೆ. 'ಕೆಲಸದ ನಿಮಿತ್ತ ಇಂಥ ದಿನದಿಂದ ಇಲ್ಲಿ ವಾಸವಿದ್ದಾರೆ' ಎಂದು ಬರೆದರೆ ವಾಸ ಯಾವ ಸ್ವರೂಪದ್ದು ಎಂಬುದು ಅದರಲ್ಲೇ ಸ್ಪಷ್ಟವಿದೆ. ಬರೆದುಕೊಡಿ.

"ಆನೆ ಬಂದಿದೆ ಅಂತ ಕೆಲಸ ನಿಲ್ಲಿಸಿದ ದಿನ ಕೂಲಿ ಕೊಡಬೇಕಾ?"

ಕೊಡಬೇಕು, ಮತ್ತು ಇದರಲ್ಲಿ ಲೆಕ್ಕಾಚಾರವೂ ಇದೆ. ಆನೆ ಕಂಡರೆ ಕೂಲಿ ಹೋಗುತ್ತದೆ ಎಂದಾದರೆ ಲದ್ದಿ ಕಂಡವರು, ಕೊಂಬೆ ಮುರಿದ ಸದ್ದು ಕೇಳಿದವರು ಬಾಯಿ ಬಿಡುವುದಿಲ್ಲ. ಎಚ್ಚರಿಕೆ ಕೊಟ್ಟವರಿಗೇ ದಂಡ ಹಾಕಿದಂತೆ ಆಗುತ್ತದೆ. ಕಾದ ಹೊತ್ತೂ ಕೆಲಸದ ಹೊತ್ತೇ ಎಂದು ಮೊದಲೇ ಹೇಳಿಬಿಡಿ. ಆ ದಿನ ಕಣದಲ್ಲಿ ಕಾಫಿ ಹರಡುವ, ಚೀಲ ಹೊಲಿಯುವ, ನರ್ಸರಿ ಬುಟ್ಟಿ ತುಂಬುವ ಕೆಲಸ ಕೊಡಿ.

ನಿತ್ಯದ ಕ್ರಮ ಹೀಗಿರಲಿ. ಜನ ಒಳಗೆ ಹೋಗುವ ಮುಂಚೆ ದಾರಿ ಬಲ್ಲ ಇಬ್ಬರು ಆ ದಿನ ಕೆಲಸ ನಡೆಯುವ ಬ್ಲಾಕ್ (ತೋಟದ ಭಾಗ) ಸುತ್ತಿ ಬರಬೇಕು. ಮಂಜು ಕರಗುವವರೆಗೆ ಕೊಯ್ಲಿಗೆ ಇಳಿಸಬೇಡಿ. ಒಂಟಿಯಾಗಿ ಯಾರನ್ನೂ ದೂರದ ಮೂಲೆಗೆ ಕಳಿಸಬೇಡಿ, ಕಿವಿಗೆ ಇಯರ್‌ಫೋನ್ ಬೇಡ. ಅರಣ್ಯ ಇಲಾಖೆಯ ಕ್ಷಿಪ್ರ ಸ್ಪಂದನಾ ತಂಡದ ನಂಬರ್ ರೈಟರ್ ಫೋನಿನಲ್ಲಿ ಮಾತ್ರವಲ್ಲ, ಪ್ರತಿ ಗುಂಪಿನ ಒಬ್ಬರ ಬಳಿ ಇರಲಿ. 'ಇವತ್ತು ಒಳಗೆ ಹೋಗುವುದು ಬೇಡ' ಎನ್ನುವ ಅಧಿಕಾರ ಆ ಇಬ್ಬರು ನೋಡುವವರಿಗೇ ಇರಬೇಕು, ಅವರ ಮಾತನ್ನು ರೈಟರ್ ತಳ್ಳಿಹಾಕುವಂತಿಲ್ಲ.

"ಮೆಣಸು ಕೊಯ್ಯೋವಾಗ ಏನೇನು ನೋಡ್ಕೋಬೇಕು?"

ಎಲ್ಲಕ್ಕಿಂತ ಮೊದಲು ತಂತಿ. ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರಕ್ಕೆ ಆನಿಸಿದ ಅಲ್ಯೂಮಿನಿಯಂ ಏಣಿಯನ್ನು ನಿಲ್ಲಿಸಿಕೊಂಡೇ ಮುಂದಿನ ಮರಕ್ಕೆ ಸಾಗಿಸುವಾಗ ವಿದ್ಯುತ್ ತಂತಿ ತಾಗಿ ಸಾವಾಗುತ್ತದೆ. ಏಣಿ ಮಲಗಿಸಿಯೇ ಸಾಗಿಸಬೇಕು, ತಂತಿ ಹಾದ ಸಾಲಿನಲ್ಲಿ ಬಿದಿರಿನ ಏಣಿ ಮಾತ್ರ. ಹಿಂದಿನ ವರ್ಷದ ಬಿದಿರಾದರೆ ಮೆಟ್ಟಿಲು ಒಂದೊಂದೂ ತುಳಿದು ನೋಡಿ. ಬುಡ ಹಿಡಿಯಲು ಇನ್ನೊಬ್ಬರಿರಲಿ. ಆ ಕೂಲಿ ಉಳಿಸಲು ಹೋಗಿ ಬಿದ್ದವರ ಪರಿಹಾರ ಕೊಡುವುದು ಯಾವ ಲೆಕ್ಕದಲ್ಲೂ ಲಾಭವಲ್ಲ.

## ನಾಯಕತ್ವ, ದೂರು, ಕಷ್ಟದ ವರ್ಷ

"ರೈಟರ್ ಜೋರು ಮಾಡಿದ್ರೆ ತಾನೇ ಕೆಲಸ ಆಗೋದು?"

ಕಣ್ಣೆದುರಿನ ಕೆಲಸ ಆಗುತ್ತದೆ, ಕಾಣದ್ದು ಕೆಡುತ್ತದೆ. ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಯ ದಾದಿಯರ ತಂಡಗಳಲ್ಲಿ ಔಷಧಿ ಕೊಡುವಾಗಿನ ತಪ್ಪುಗಳನ್ನು ಎಣಿಸಿದರು. ಒಳ್ಳೆಯ ಮುಖ್ಯಸ್ಥರಿದ್ದ ತಂಡಗಳಲ್ಲೇ ಹೆಚ್ಚು ತಪ್ಪು ದಾಖಲಾಗಿತ್ತು. ಅಲ್ಲಿ ತಪ್ಪು ಹೆಚ್ಚಾಗುತ್ತಿತ್ತೆಂದಲ್ಲ, ಹೇಳಿಕೊಳ್ಳಲು ಭಯವಿರಲಿಲ್ಲ.

ತೋಟದಲ್ಲಿ ಇದನ್ನು ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಮನೆಯಲ್ಲಿ ನೋಡಬಹುದು. ಅರೇಬಿಕಾ ಹಣ್ಣನ್ನು ಕೊಯ್ದ ದಿನವೇ ಪಲ್ಪ್ ಮಾಡಬೇಕು. ಕರೆಂಟ್ ಹೋಗಿ ಹತ್ತು ಚೀಲ ಮರುದಿನಕ್ಕೆ ಉಳಿಯಿತು ಎನ್ನಿ. ಬೈಗುಳಕ್ಕೆ ಹೆದರುವವನು ಅದನ್ನು ಸದ್ದಿಲ್ಲದೆ ಮರುದಿನದ ಹಣ್ಣಿನೊಂದಿಗೆ ಬೆರೆಸುತ್ತಾನೆ. ಹುಳಿ ವಾಸನೆ ಇಡೀ ಲಾಟಿಗೆ ಹಿಡಿಯುತ್ತದೆ. ಹೆದರದವನು ಹೇಳುತ್ತಾನೆ, ಆ ಹತ್ತು ಚೀಲ ಬೇರೆಯಾಗಿ ಚೆರಿಯಾಗಿ, ಅಂದರೆ ಸಿಪ್ಪೆ ಸಮೇತ, ಒಣಗುತ್ತದೆ, ನಷ್ಟ ಅಲ್ಲಿಗೇ ನಿಲ್ಲುತ್ತದೆ. ದಿನದ ಕೊನೆಗೆ ಕೇಳಬೇಕಾದ ಪ್ರಶ್ನೆ 'ಯಾರು ಮಾಡಿದ್ದು?' ಅಲ್ಲ, 'ಇವತ್ತು ಎಲ್ಲಿ ತೊಡಕಾಯಿತು, ನಾಳೆಗೆ ಏನು ಬೇಕು?' ಸಂಜೆ ಹೇಳಿದ ತಪ್ಪಿಗೆ ಶಿಕ್ಷೆಯಿಲ್ಲ, ಮುಚ್ಚಿಟ್ಟದ್ದಕ್ಕೆ ಮಾತ್ರ ಎಂದು ರೈಟರ್‌ಗೂ ಎಲ್ಲರಿಗೂ ಒಂದೇ ಸಲ ಹೇಳಿ. ಒಮ್ಮೆ ಆ ಮಾತು ಮುರಿದರೆ ಮತ್ತೆ ಯಾರೂ ಬಾಯಿ ಬಿಡುವುದಿಲ್ಲ.

"ಅಪ್ಪನ ಕಾಲದ ರೈಟರ್, ಮೇಸ್ತ್ರಿ ನನ್ನ ಮಾತು ಕೇಳಲ್ಲ. ನಾನು ಬೆಂಗಳೂರಿಂದ ಬಂದು ಎರಡು ವರ್ಷ ಆಯ್ತು."

ಮೊದಲ ವರ್ಷ ಏನನ್ನೂ ಬದಲಿಸದೆ ಒಂದು ಪೂರ್ತಿ ಬೆಳೆ ಚಕ್ರ ಅವರ ಜೊತೆ ನಡೆಯಿರಿ: ಫೆಬ್ರವರಿ ಮಾರ್ಚ್‌ನ ಹೂಮಳೆ, ಮಳೆಗಾಲದ ಮುಂಚಿನ ಮರಗಸಿ, ಕೊಯ್ಲು. ಅವರ ತಲೆಯಲ್ಲಿರುವ ತೋಟ ಕಾಗದದಲ್ಲಿಲ್ಲ. ಬಳಿಕ ಅಧಿಕಾರವನ್ನು ಭಾಗ ಮಾಡಿ ಬರೆದುಕೊಡಿ: ದಿನದ ಬ್ಲಾಕ್ ಯಾವುದು ಎಂಬುದು ಮೇಸ್ತ್ರಿಯ ತೀರ್ಮಾನ, ಗೊಬ್ಬರ ಖರೀದಿ ನಿಮ್ಮದು, ಜನ ತೆಗೆಯುವುದು ಇಬ್ಬರೂ ಕೂತು. ಅಮೆರಿಕದ ಆಡಳಿತ ಚಿಂತಕಿ ಮೇರಿ ಪಾರ್ಕರ್ ಫಾಲೆಟ್ ನೂರು ವರ್ಷದ ಹಿಂದೆಯೇ ಹೇಳಿದ ಭೇದ ಇಲ್ಲಿಗೆ ಸರಿಹೊಂದುತ್ತದೆ: ಒಬ್ಬರ ಮೇಲೆ ಚಲಾಯಿಸುವ ಅಧಿಕಾರ ಒಂದು, ಜೊತೆಗೂಡಿ ಬೆಳೆಸುವ ಅಧಿಕಾರ ಇನ್ನೊಂದು. ಮಣ್ಣಿನ ಪರೀಕ್ಷೆಯ ವರದಿಯನ್ನು ಮಧ್ಯೆ ಇಟ್ಟರೆ ವಾದ ನಿಮ್ಮದೂ ಅವರದೂ ಆಗಿರುವುದಿಲ್ಲ, ಮಣ್ಣಿನದಾಗುತ್ತದೆ. ಅವರನ್ನು ನೀವು ಹೆಸರು ಹಿಡಿದು ಏಕವಚನದಲ್ಲಿ ಕರೆಯುತ್ತೀರಾದರೆ ಅದನ್ನು ಇವತ್ತೇ ಬಿಡಿ.

"ಹೆಂಗಸರು ದೂರು ಹೇಳೋಕೆ ಯಾರ ಹತ್ರ ಹೋಗ್ಬೇಕು? ರೈಟರ್ ಮೇಲೇ ದೂರಾದ್ರೆ?"

ಲೈಂಗಿಕ ಕಿರುಕುಳದ ದೂರಾದರೆ, ಹತ್ತು ಜನ ಅಥವಾ ಹೆಚ್ಚಿದ್ದ ಕಡೆ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಂತೆ ಆಂತರಿಕ ಸಮಿತಿ ಇರಲೇಬೇಕು. ಅಧ್ಯಕ್ಷೆ ಹಿರಿಯ ಮಹಿಳಾ ಉದ್ಯೋಗಿ, ಅರ್ಧಕ್ಕೆ ಕಮ್ಮಿಯಿಲ್ಲದಂತೆ ಹೆಂಗಸರು, ಹೊರಗಿನವರೊಬ್ಬರು. ಘಟನೆಯಾಗಿ ಮೂರು ತಿಂಗಳೊಳಗೆ ದೂರು, 90 ದಿನದೊಳಗೆ ವಿಚಾರಣೆ. ಹತ್ತಕ್ಕಿಂತ ಕಮ್ಮಿ ಜನವಿದ್ದರೆ, ಅಥವಾ ದೂರು ಮಾಲೀಕರ ಮೇಲೇ ಆದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ತೋಟದಲ್ಲಿ ಸಾಮಾನ್ಯವಾಗಿ ಆಗುವ ಅನ್ಯಾಯ ಇನ್ನೊಂದು: ದೂರು ಕೊಟ್ಟವಳನ್ನೇ ಬೇರೆ ಬ್ಲಾಕ್‌ಗೆ, ಕಮ್ಮಿ ಹಣ್ಣಿರುವ ಸಾಲಿಗೆ ಹಾಕುವುದು. ವಿಚಾರಣೆ ಮುಗಿಯುವವರೆಗೆ ಬದಲಾಗಬೇಕಾದದ್ದು ರೈಟರ್‌ನ ಜಾಗ.

"ಹೋಂಸ್ಟೇಲಿ ಸೀಸನ್ ಟೈಮ್ ಹುಡುಗ್ರು ಬೆಳಿಗ್ಗೆ ಐದಕ್ಕೆ ಎದ್ದು ರಾತ್ರಿ ಹನ್ನೆರಡಕ್ಕೆ ಮಲಗ್ತಾರೆ. ಅವರೇ ಒಪ್ಕೊಂಡಿದಾರೆ..."

ಇರುವುದು ಅಲ್ಲೇ, ಊಟವೂ ಅಲ್ಲೇ ಎಂದ ಮೇಲೆ ಒಪ್ಪದೆ ಎಲ್ಲಿಗೆ ಹೋಗಬೇಕು? ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳಿಗೆ 1961ರ ಕರ್ನಾಟಕ ಕಾಯ್ದೆ ಇಟ್ಟ ಅಳತೆಯನ್ನೇ ಹಿಡಿಯಿರಿ: ದಿನಕ್ಕೆ 9 ಗಂಟೆ, ವಾರಕ್ಕೆ 48, ಐದು ಗಂಟೆಗೊಮ್ಮೆ ಒಂದು ಗಂಟೆ ವಿರಾಮ, ಹೆಚ್ಚುವರಿ ಹೊತ್ತಿಗೆ ಎರಡು ಪಟ್ಟು. ದಾರಿ ಎಂದರೆ ಪಾಳಿ ಒಡೆಯುವುದು. ಬೆಳಿಗ್ಗೆ 6ರಿಂದ 3 ಒಬ್ಬರು, ಮಧ್ಯಾಹ್ನ 1ರಿಂದ ರಾತ್ರಿ 10 ಇನ್ನೊಬ್ಬರು, ನಡುವಿನ ಎರಡು ಗಂಟೆ ಊಟದ ಹೊತ್ತಿಗೆ ಇಬ್ಬರೂ ಸಿಗುತ್ತಾರೆ. ಅಡುಗೆಮನೆ 10ಕ್ಕೆ ಮುಚ್ಚುತ್ತದೆ ಎಂದು ಬುಕಿಂಗ್‌ನಲ್ಲೇ ಬರೆದುಬಿಡಿ. ಕುಡಿದು ಕೂಗಾಡುವ ಅತಿಥಿಯ ಎದುರು ಹೋಗಿ ನಿಲ್ಲಬೇಕಾದವರು ಮಾಲೀಕರು, ಹತ್ತೊಂಬತ್ತರ ಹುಡುಗನಲ್ಲ.

"ಕಾಫಿ ರೇಟ್ ಬಿದ್ದ ವರ್ಷ ಇದೆಲ್ಲ ಎಲ್ಲಿಂದ ತರೋದು?"

ರೇಟ್ ಏರಿದ ವರ್ಷದಿಂದ. 2024ರಲ್ಲಿ ರೋಬಸ್ಟಾ ಬೆಲೆ ಹಿಂದೆಂದೂ ಕಾಣದ ಎತ್ತರಕ್ಕೆ ಹೋಯಿತು. ಅಂಥ ವರ್ಷ ಮೂರು ತಿಂಗಳ ಬಟವಾಡೆಯಷ್ಟು ಹಣವನ್ನು ಬೇರೆ ಖಾತೆಗೆ ಹಾಕಿ, ಅದನ್ನು ಜೀಪಿಗಾಗಲಿ ಮನೆ ಕಟ್ಟುವುದಕ್ಕಾಗಲಿ ಮುಟ್ಟಬೇಡಿ. ಬೆಲೆ ಬಿದ್ದರೆ ಕಡಿತದ ಸರದಿ ಹೀಗಿರಲಿ: ಮೊದಲು ಮಾಲೀಕರು ಮನೆಗೆ ತೆಗೆಯುವ ಹಣ, ಆಮೇಲೆ ಹೊಸ ಗಿಡ ಮತ್ತು ಕಟ್ಟಡ, ಕೊನೆಗೆ ಕೆಲಸದ ದಿನಗಳು. ದಿನ ಕಮ್ಮಿ ಮಾಡುವುದಾದರೆ ಎಲ್ಲರಿಗೂ ಸಮನಾಗಿ, ಒಂದು ತಿಂಗಳು ಮುಂಚೆ ಹೇಳಿ. ದರ ಮಾತ್ರ ಇಳಿಸುವ ಹಾಗಿಲ್ಲ. ಮಾರಿದ ಬೆಲೆಯ ಬಿಲ್ಲನ್ನು ಅವರಿಗೂ ತೋರಿಸಿ. ಏರಿದ ವರ್ಷ ಮುಚ್ಚಿಟ್ಟು ಬಿದ್ದ ವರ್ಷ ಮಾತ್ರ ತೋರಿಸಿದರೆ ಯಾರೂ ನಂಬುವುದಿಲ್ಲ.

"ಯುರೋಪಿನ ಖರೀದಿದಾರರು ಕಾಗದ ಕೇಳ್ತಾರೆ. ಅದಕ್ಕೂ ಕೆಲಸದವರಿಗೂ ಏನು ಸಂಬಂಧ?"

ಐರೋಪ್ಯ ಒಕ್ಕೂಟದ 2023ರ ಅರಣ್ಯನಾಶ ತಡೆ ನಿಯಮ 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿಯನ್ನು ಒಪ್ಪುವುದಿಲ್ಲ. ಬೆಳೆದ ದೇಶದ ಕಾನೂನು ಪಾಲನೆಯಾಗಿರಬೇಕು ಎಂದೂ ಕೇಳುತ್ತದೆ; ಕಾರ್ಮಿಕರ ಹಕ್ಕು ಅದರಲ್ಲಿ ಸೇರಿದೆ. ತಪಾಸಣೆಗೆ ಹಿಂದಿನ ರಾತ್ರಿ ಒಂದೇ ಪೆನ್ನಿನಲ್ಲಿ ತುಂಬಿದ ಹಾಜರಿ ಪುಸ್ತಕ ನೋಡಿದ ಕೂಡಲೇ ಗೊತ್ತಾಗುತ್ತದೆ.

"ಮೂವತ್ತು ವರ್ಷ ದುಡಿದವಳಿಗೆ ಈಗ ಆಗೋದಿಲ್ಲ. ಕಳಿಸೋದು ಹೇಗೆ?"

ಲೆಕ್ಕ ಕೊಟ್ಟು. ಗ್ರಾಚ್ಯುಟಿ ವರ್ಷಕ್ಕೆ 15 ದಿನದ ಕೂಲಿ. ಕೊನೆಯ ದಿನಗೂಲಿ 500 ರೂಪಾಯಿ ಎಂದಾದರೆ 500 × 15 × 30, ಅಂದರೆ 2,25,000 ರೂಪಾಯಿ, 30 ದಿನದೊಳಗೆ. ಕೆ.ಜಿ. ಲೆಕ್ಕದವರಾದರೆ ಕೊನೆಯ ಮೂರು ತಿಂಗಳ ಸರಾಸರಿ ಹಿಡಿಯಬೇಕು. 'ನಡುವೆ ಬಿಟ್ಟು ಹೋಗಿದ್ದಳು' ಎಂಬ ಮಾತು ಬರುತ್ತದೆ. ವರ್ಷದಲ್ಲಿ 240 ದಿನ ಹಾಜರಿದ್ದರೆ ಅದು ಪೂರ್ತಿ ವರ್ಷ. ಸೇವೆ ತುಂಡಾಗಲೆಂದೇ ಮಳೆಗಾಲದಲ್ಲಿ ಒಂದು ತಿಂಗಳು ಹೆಸರು ತೆಗೆಯುವ ರೂಢಿ ಕೆಲವು ಕಡೆ ಇದೆ, ಅದು ಮೋಸ. ಇಷ್ಟು ಹಣ ಒಮ್ಮೆಲೇ ಕಷ್ಟವಾಗುವುದರಿಂದ ಪ್ರತಿ ವರ್ಷ ಮಾರ್ಚ್‌ನಲ್ಲಿ ತಲಾ 15 ದಿನದ ಕೂಲಿ ಬೇರೆ ಖಾತೆಗೆ ಹಾಕುತ್ತಾ ಬನ್ನಿ.

ಮನೆಯ ವಿಷಯ ಇದಕ್ಕಿಂತ ಕಠಿಣ. ಲೈನ್ ಮನೆಯಲ್ಲಿ ಮಗ ಸೊಸೆ ಕೆಲಸದಲ್ಲಿದ್ದರೆ ಅವಳು ಅಲ್ಲೇ ಉಳಿಯುತ್ತಾಳೆ. ಯಾರೂ ಇಲ್ಲದಿದ್ದರೆ ಮಳೆಗಾಲದ ಮುಂಚೆ ಮನೆ ಬಿಡಿಸಬೇಡಿ. ಕನಿಷ್ಠ ಒಂದು ವರ್ಷ ಸಮಯ ಕೊಡಿ, ವೃದ್ಧಾಪ್ಯ ವೇತನದ ಅರ್ಜಿಯನ್ನು ನಾಡಕಚೇರಿಗೆ ರೈಟರ್ ಕೈಯಲ್ಲೇ ಹಾಕಿಸಿ, ಗ್ರಾಚ್ಯುಟಿಯ ಹಣ ಅವಳ ಸ್ವಂತ ಖಾತೆಗೆ ಬಂದದ್ದನ್ನು ಪಾಸ್‌ಬುಕ್‌ನಲ್ಲಿ ನೋಡಿದ ಮೇಲೆಯೇ ಬಿಡುಗಡೆ ಪತ್ರಕ್ಕೆ ಸಹಿ ಕೇಳಿ.